ಅಣ್ಣಪ್ಪ ಮಾಮಾನ ಅಯಸ್ಕಾಂತ

ಮದುವೆಗೆ ಇನ್ನೊಂದು ವಾರ ಉಳಿದಿತ್ತು. ಶನಿವಾರ ಮಧ್ಯಾಹ್ನ ನಾನು ಯೂನಿವರ್ಸಿಟಿಯಿಂದ ಕಲ್ಕತ್ತಾದ ಲೇಕ್ ಗಾರ್ಡನ್ಸಿನ ನಮ್ಮ ಮನೆಗೆ ಬಂದಾಗ, ನನಗೆ ಅತ್ತೆಯಾಗಬೇಕಾದವರು ಕೊಟ್ಟಿದ್ದ ಚಿನ್ನದ ಬಳೆ ನಮ್ಮ ಅಡುಗೆಮನೆಯಲ್ಲಿ ಒಂದು ಅಯಸ್ಕಾಂತಕ್ಕೆ ಅಂಟಿಕೊಂಡು ನೇತಾಡುತ್ತಿತ್ತು. ಅಯಸ್ಕಾಂತ ಹಿಡಿದವನು ನನ್ನ ಸೋದರಮಾವ ಅಣ್ಣಪ್ಪ. ಮದುವೆಗೆಂದು ಹಿಂದಿನ ದಿನವಷ್ಟೇ ಗದಗದಿಂದ ಬಂದಿದ್ದ. ಪಕ್ಕದಲ್ಲಿ ನನ್ನ ಅವ್ವ ವಿಶಾಲಾಕ್ಷಿ, ಮನೆಯಲ್ಲಿ ಯಾರೋ ಹೋಗಿಬಿಟ್ಟರು ಎಂಬಂತೆ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು.

"ಬಂಗಾರ ಅಯಸ್ಕಾಂತಕ್ಕ ಅಂಟ್ತೈತೇನವಾ?" ಎಂದ ಮಾಮಾ. "ನೀನ ಹೇಳು. ಲೋಹದ ಮ್ಯಾಲ ಪಿಎಚ್‌ಡಿ ಮಾಡಾಕಿ ನೀನ."

ಮಾಮಾನ ಬಗ್ಗೆ ಸ್ವಲ್ಪ ಹೇಳಬೇಕು. ಗದಗಿನಲ್ಲಿ ಅವನದೊಂದು ಒನ್ ಗ್ರಾಮ್ ಗೋಲ್ಡ್ ಅಂಗಡಿಯಿದೆ. ಅಂದರೆ ಹಿತ್ತಾಳೆಯ ಸರಕ್ಕೆ ಬಂಗಾರದ ನೀರು ಕೊಟ್ಟು, ಕೆಂಪು ಮಖಮಲ್ಲಿನ ಡಬ್ಬಿಯಲ್ಲಿಟ್ಟು ಮಾರುವ ಅಂಗಡಿ. ನಕಲಿ ಮಾರುವವನಿಗೆ ನಕಲಿ ಕಂಡಷ್ಟು ಬೇರೆ ಯಾರಿಗೂ ಕಾಣುವುದಿಲ್ಲ ಎಂಬುದು ಅವನ ವಾದ. ಹಳೇ ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತ ಸದಾ ಅವನ ಜೇಬಿನಲ್ಲಿರುತ್ತದೆ. ಬೀಗರ ಮನೆಗೆ ಊಟಕ್ಕೆ ಹೋದರೂ ಕೈ ತೊಳೆಯುವ ಮೊದಲು ಒಮ್ಮೆ ಅದನ್ನು ಹೊರಗೆ ತೆಗೆದಿರುತ್ತಾನೆ. ಇದೇ ಕಾರಣಕ್ಕೆ ನಮ್ಮ ಬಳಗದ ಎರಡು ಮನೆಗಳು ಇವತ್ತಿಗೂ ಅವನ ಜೊತೆ ಮಾತಾಡುವುದಿಲ್ಲ.

"ಮಾಮಾ, ಅದರೊಳಗ ಕಬ್ಬಿಣಾನ ಇರಬೇಕು. ಅದು ಲೋಹಾ," ಎಂದೆ. ಬಂಗಾಳದಲ್ಲಿ ಮದುವೆಯಾದ ಹೆಂಗಸು ಎಡಗೈಗೆ ಕಬ್ಬಿಣದ ಬಳೆ ಹಾಕುತ್ತಾಳೆ, ಅದಕ್ಕೆ ಲೋಹಾ ಎನ್ನುತ್ತಾರೆ, ಅನುಕೂಲ ಇದ್ದವರು ಮೇಲೆ ಚಿನ್ನದ ತಗಡು ಸುತ್ತಿಸುತ್ತಾರೆ, ಗಂಡನ ಆಯುಸ್ಸು ಗಟ್ಟಿಯಾಗಲಿ ಅಂತ ಎಲ್ಲ ಬಿಡಿಸಿ ಹೇಳಿದೆ. ನಾನು ಪಿಎಚ್‌ಡಿಗೆಂದು ಬಂದು ನಾಲ್ಕು ವರ್ಷವಾಗಿದ್ದರೂ ಅಪ್ಪನಿಗೆ ಕಲ್ಕತ್ತಾಕ್ಕೆ ವರ್ಗವಾಗಿ ಒಂದೇ ವರ್ಷವಾಗಿತ್ತು, ಅವ್ವನಿಗೆ ಇದೊಂದೂ ಗೊತ್ತಿರಲಿಲ್ಲ. ನಾನೂ ಹೇಳುವ ಗೋಜಿಗೆ ಹೋಗಿರಲಿಲ್ಲ. ಗಂಡನ ಆಯುಸ್ಸು ಹೆಂಡತಿಯ ಮಣಿಕಟ್ಟಿನ ಮೇಲೆ ನಿಂತಿದೆ ಎಂಬ ಮಾತು ನನಗೇ ಒಪ್ಪಿಗೆ ಇರಲಿಲ್ಲ. ಮದುವೆಯ ದಿನ ಹಾಕಿಕೊಂಡು ಮಾರನೇ ದಿನ ಡಬ್ಬಿಗೆ ಸೇರಿಸುವುದು ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ.

"ಮೋಸ ಮಾಡಾವ್ರ ಹತ್ರ ಕತಿಗೇನ ಬರ?" ಎಂದ ಮಾಮಾ.

ಅವ್ವನ ಚಿಂತೆ ಬೇರೆಯೇ ಇತ್ತು. "ಮೋಸಾ ಆಗಿದ್ರ ಹೆಂಗರ ಸುಮ್ಮನಿರಬಹುದಿತ್ತು. ಗೊತ್ತಿದ್ದೂ ಗೊತ್ತಿದ್ದೂ ಮದುಮಗಳಿಗೆ ಕಬ್ಬಿಣಾ ಕೊಡ್ತಾರಂದ್ರ? ಶನಿ ಅದು. ನಾವು ಶನಿವಾರ ಒಂದು ಮೊಳಿ ಸೈತ ಮನಿಗೆ ತರೂದಿಲ್ಲ."

ಆಗ ನಾನು ಬಳೆಯನ್ನು ಕೈಗೆ ತೆಗೆದುಕೊಂಡೆ. ಮಾಮಾ ಅರದಿಂದ ಅದನ್ನು ಉಜ್ಜಿದ್ದ. ಚಿನ್ನದ ತಗಡು ಸೀಳಿ, ಒಳಗಿನ ಕಪ್ಪು ಕಬ್ಬಿಣ ಕಾಣುತ್ತಿತ್ತು.

ನನಗೆ ಚಿನ್ನದ ಮೇಲೆ ಅಂಥ ಗೌರವವೇನೂ ಇಲ್ಲ. ಲೋಹಗಳಲ್ಲಿ ಅದು ಶುದ್ಧ ಸೋಮಾರಿ. ಗಾಳಿ ಬರಲಿ, ನೀರು ಬರಲಿ, ಬೆವರು ಬರಲಿ, ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ಹೊಳೆಯುತ್ತ ಕೂತಿರುತ್ತದೆ. ಹಾಗೆ ಏನೂ ಮಾಡದೆ ಮರ್ಯಾದೆ ಪಡೆಯುವವರು ನಮ್ಮ ವಿಭಾಗದಲ್ಲೂ ಇದ್ದಾರೆ. ಅಪ್ಪಟ ಚಿನ್ನ ಎಷ್ಟು ಮೆದುವೆಂದರೆ ತಾಮ್ರವೋ ಬೆಳ್ಳಿಯೋ ಸೇರದೆ ಒಂದು ಬಳೆಯಾಗಿ ನೆಟ್ಟಗೆ ನಿಲ್ಲುವುದಿಲ್ಲ, ಆದರೂ ಹೆಸರೆಲ್ಲ ಅದಕ್ಕೇ. ಬೆಳ್ಳಿಗೆ ಮುನಿಸು ಜಾಸ್ತಿ, ನಾಲ್ಕು ದಿನ ಮಾತಾಡಿಸದಿದ್ದರೆ ಮುಖ ಕಪ್ಪಾಗುತ್ತದೆ. ಪ್ಲಾಟಿನಮ್ಮು ಚಿನ್ನಕ್ಕಿಂತ ಗಟ್ಟಿ, ತೂಕವೂ ಹೆಚ್ಚು, ಆದರೆ ನೋಡಲು ಸ್ಟೀಲು. ಹಾಕಿಕೊಂಡದ್ದು ಪಕ್ಕದ ಮನೆಯವರಿಗೆ ತಿಳಿಯದಿದ್ದರೆ ಹಾಕಿ ಏನು ಬಂತು ಅಂತ ಗದಗಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ನನ್ನ ಕೆಲಸ ತಾಮ್ರದ ಮೇಲೆ. ತಾಮ್ರಕ್ಕೆ ತುಕ್ಕು ಹೇಗೆ ಹಿಡಿಯುತ್ತದೆ, ಯಾಕೆ ಹಸಿರಾಗುತ್ತದೆ ಎಂಬುದರಲ್ಲೇ ನನ್ನ ನಾಲ್ಕು ವರ್ಷ ಹೋಗಿದೆ. ಆದರೆ ಸೀಳಿದ ಆ ಬಳೆಯ ಮಾತು ಬೇರೆ. ಅದು ನಾನು ಮದುವೆಯಾಗಲಿದ್ದ ತಥಾಗತನ ಅಜ್ಜಿಯ ಬಳೆ.

"ನಡೀರಿ. ಅವರ ಮನಿಯಾಗ ಕುಂತು ಮಾತಾಡೂಣು," ಎಂದ ಮಾಮಾ. ಆಗಲೇ ಫೋನು ಮಾಡಿ ಬರುತ್ತೇವೆಂದು ಹೇಳಿಯೂ ಆಗಿತ್ತು. ಅಪ್ಪನಿಗೆ ಹೇಳೋಣವೆಂದರೆ ಅವರು ರೈಲ್ವೆ ಕೆಲಸದ ಮೇಲೆ ಖರಗ್‌ಪುರಕ್ಕೆ ಹೋಗಿದ್ದರು. ಮಾಮಾ ಮನೆಯಲ್ಲಿರುವ ದಿನಗಳಲ್ಲಿ ಅಪ್ಪನಿಗೆ ಯಾವಾಗಲೂ ಖರಗ್‌ಪುರದಲ್ಲಿ ಕೆಲಸವಿರುತ್ತದೆ.

ಅವರ ಮನೆಯಿದ್ದ ಸಾಲ್ಟ್ ಲೇಕಿನವರೆಗೆ ಟ್ಯಾಕ್ಸಿಯಲ್ಲಿ ನಾನು ಮಾಮಾನ ಜೊತೆ ಜಗಳವಾಡಿದೆ, ಅವ್ವ ಕಣ್ಣು ಮುಚ್ಚಿ ಹನುಮಪ್ಪನ ಜಪ ಮಾಡಿದಳು, ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತ ಎರಡು ಸಲ ತಪ್ಪು ದಾರಿ ಹಿಡಿದ.

ತಥಾಗತನ ತಾಯಿ ಮಂಜುಶ್ರೀ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಬಾಗಿಲು ತೆಗೆದವರೇ ನಮ್ಮ ಮುಂದೆ ಸಂದೇಶ ಎಂಬ ಹೊಸ ಬೆಲ್ಲದ ಸಿಹಿಯ ತಟ್ಟೆ ಇಟ್ಟರು. ಮಾಮಾ ಮುಟ್ಟಲಿಲ್ಲ. ಸಿಹಿ ಕಂಡರೆ ಪ್ರಾಣ ಬಿಡುವ ಮನುಷ್ಯ, ತಟ್ಟೆಯ ಕಡೆ ನೋಡದಿರಲು ಗೋಡೆಯ ಮೇಲಿನ ಭೂಪಟ ನೋಡುತ್ತ ಕೂತ. ತಥಾಗತ ಮೂಲೆಯ ಕುರ್ಚಿಯಲ್ಲಿ ಕಂದು ಬಣ್ಣದ ಮಫ್ಲರು ಸುತ್ತಿಕೊಂಡು ಕೂತಿದ್ದ. ತಿಂಗಳಿಂದ ಗಂಟಲು ನೋವು ಅನ್ನುತ್ತಿದ್ದ. ನನಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಡಿಸೆಂಬರ್ ಬಂತೆಂದರೆ ಬಂಗಾಳಿಯ ಕುತ್ತಿಗೆ ಒಳಗೆ ಹೋಗುತ್ತದೆ, ಮತ್ತೆ ಹೊರಗೆ ಬರುವುದು ಮಾಘದ ಸರಸ್ವತಿ ಪೂಜೆಗೆ.

ಮಾಮಾ ಬಳೆಯನ್ನು ಟೀಪಾಯಿಯ ಮೇಲಿಟ್ಟ. ಅದರ ಮೇಲೆ ಅಯಸ್ಕಾಂತ ಹಿಡಿದ. ಬಳೆ ಟಕ್ಕನೆ ಹಾರಿ ಅಂಟಿಕೊಂಡಿತು. "ಯೇ ಸೋನಾ ನಹೀಂ, ಬೆಹೆನ್‌ಜಿ," ಎಂದ ತನ್ನ ಗದಗ ಹಿಂದಿಯಲ್ಲಿ.

ಮಂಜುಶ್ರೀ ಕನ್ನಡಕ ಸರಿಮಾಡಿಕೊಂಡರು. ಅವರು ಹಿಂದಿಯಲ್ಲಿ ಮಾತಾಡುತ್ತಿದ್ದರು. ತಮ್ಮ ಎಡಗೈ ಮುಂದೆ ಚಾಚಿ, "ನನ್ನದಕ್ಕೂ ಹಿಡಿದು ನೋಡಿ," ಎಂದರು. ಅದು ಚುಚ್ಚುಮಾತು ಎಂದು ತಿಳಿಯುವಷ್ಟು ತಾಳ್ಮೆ ಮಾಮಾನಿಗಿಲ್ಲ. ಹಿಡಿದೇಬಿಟ್ಟ. ಅಯಸ್ಕಾಂತ ಅವರ ಮಣಿಕಟ್ಟಿಗೆ ಕಚ್ಚಿಕೊಂಡು, ಬಿಡಿಸಬೇಕಾದರೆ ಇಬ್ಬರೂ ಎಳೆದಾಡಬೇಕಾಯಿತು.

"ಮೂವತ್ತು ವರ್ಷದಿಂದ ಹಾಕಿದ್ದೇನೆ," ಎಂದರು ಅವರು. "ಗಂಡ ಎರಡು ಸಲ ಆಸ್ಪತ್ರೆಯಿಂದ ಎದ್ದು ಬಂದ. ಬೆಳಗ್ಗೆ ಮೀನು ತರುತ್ತೇನೆಂದು ಹೋದವನು ಈಗಲೂ ಚಹಾದ ಅಂಗಡಿಯಲ್ಲಿ ಕೂತಿದ್ದಾನೆ. ಕಬ್ಬಿಣ ಕೆಲಸ ಮಾಡುತ್ತದೆ. ಸ್ವಲ್ಪ ಹೆಚ್ಚೇ ಮಾಡುತ್ತದೆ."

ನಾನು ನಕ್ಕುಬಿಟ್ಟೆ. ಮುಗಿಯಿತು, ಎಲ್ಲ ಸರಿಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಅವರು ಬಳೆಯನ್ನು ಕೈಗೆತ್ತಿಕೊಂಡು ತಿರುಗಿಸಿದರು, ಬೆರಳು ಸೀಳಿದ ಜಾಗಕ್ಕೆ ತಾಗಿತು. ಅವರ ಮುಖದ ಬಣ್ಣವೇ ಬದಲಾಯಿತು.

"ನನ್ನ ಅತ್ತೆ ಸಾಯುವವರೆಗೆ ಕೈಯಿಂದ ತೆಗೆಯದ ಬಳೆ ಇದು," ಎಂದರು. "ಮೂರು ತಲೆಮಾರಿನಿಂದ ಬಂದದ್ದು. ನೀವು ಅರ ಹಚ್ಚಿದಿರಿ." ಆಮೇಲೆ ಅವ್ವನ ಕಡೆ ತಿರುಗಿದರು. "ನಿಮಗೆ ಅನುಮಾನ ಬಂದಿದ್ದರೆ ನನ್ನನ್ನು ಒಂದು ಮಾತು ಕೇಳಬಹುದಿತ್ತು. ಕಳ್ಳರು ಎನ್ನಿಸಿಕೊಂಡು ನಾನು ಮಗನ ಮದುವೆ ಮಾಡುವುದಿಲ್ಲ."

ಅವ್ವನ ಕಣ್ಣಲ್ಲಿ ನೀರು ಬಂತು. ನಾನು ತಥಾಗತನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ನಾಲ್ಕು ವರ್ಷ ಜೊತೆಗೆ ಓಡಾಡಿ, ಎರಡು ಮನೆಯವರನ್ನೂ ಒಪ್ಪಿಸಿ, ಕಡೆಗೆ ಒಂದು ಸ್ಪೀಕರಿನ ಅಯಸ್ಕಾಂತದಿಂದ ಮದುವೆ ಮುರಿಯುತ್ತದಲ್ಲ ಅಂತ ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

ಇಂಥ ಹೊತ್ತಿನಲ್ಲಿ ಬುದ್ಧಿಯಿದ್ದವನು ಕ್ಷಮಿಸಿ ಎನ್ನುತ್ತಾನೆ. ಮಾಮಾ ಎದ್ದು ನಿಂತ. "ನಾವೇನು ಕೊಟ್ಟೀವಿ ಅದನ್ನೂ ನೋಡ್ರಿ ಮತ್ತ. ಆಮ್ಯಾಲ ಮಾತಾಡ್ರಿ," ಎಂದವನೇ ತಥಾಗತನ ಕುರ್ಚಿಯತ್ತ ನಡೆದ. ನವೆಂಬರಿನಲ್ಲಿ ನಿಶ್ಚಿತಾರ್ಥದ ದಿನ ಸೋದರಮಾವನ ಉಡುಗೊರೆ ಎಂದು ಮಾಮಾ ಅವನ ಕೊರಳಿಗೆ ದಪ್ಪನೆಯ ಚಿನ್ನದ ಸರ ಹಾಕಿದ್ದ. ಇಡೀ ಬಳಗ ಎದ್ದು ನಿಂತು ನೋಡಿತ್ತು.

"ಮಾಮಾ, ಗಂಟಲು ಚಲೋ ಇಲ್ಲ," ಎಂದ ತಥಾಗತ, ಮಫ್ಲರನ್ನು ಎರಡೂ ಕೈಯಿಂದ ಹಿಡಿದುಕೊಂಡು. ಅವನ ಕನ್ನಡ ನಾನು ಕಲಿಸಿದ್ದು, ಹಾಗಾಗಿ ಅದೂ ಗದಗಿನದೇ.

"ಒಂದು ಮಿನಿಟಪಾ," ಎಂದು ಮಾಮಾ ಮಫ್ಲರನ್ನು ಎಳೆದುಹಾಕಿದ, ಸರವನ್ನು ಎತ್ತಿ ಅಯಸ್ಕಾಂತಕ್ಕೆ ಹಿಡಿದ. ಸರ ಅಂಟಲಿಲ್ಲ. ಅಲ್ಲಾಡಲೂ ಇಲ್ಲ. "ನೋಡ್ರಿ," ಎಂದು ಗೆದ್ದವನಂತೆ ನಮ್ಮೆಲ್ಲರ ಕಡೆ ತಿರುಗಿದ.

ನಾವು ಯಾರೂ ಸರ ನೋಡುತ್ತಿರಲಿಲ್ಲ. ತಥಾಗತನ ಕೊರಳ ಸುತ್ತ ಹಸಿರು ಪಟ್ಟಿಯೊಂದು ಎದ್ದಿತ್ತು. ಅದರ ಅಂಚಿಗೆಲ್ಲ ಕೆಂಪು ಗಂಧೆ, ಕೆರೆದು ಕೆರೆದು ಚರ್ಮ ಕಿತ್ತುಬಂದಿತ್ತು.

ಆ ಹಸಿರು ನನಗೆ ಚೆನ್ನಾಗಿ ಗೊತ್ತು. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ, ತಾಮ್ರವೂ ಅಂಟುವುದಿಲ್ಲ, ಆ ಪರೀಕ್ಷೆಯಲ್ಲಿ ಅವು ಚಿನ್ನದಷ್ಟೇ ಸುಲಭವಾಗಿ ಪಾಸಾಗುತ್ತವೆ. ಆದರೆ ಮೇಲಿನ ಗಿಲೀಟು ಸವೆದು ಹಿತ್ತಾಳೆಯಲ್ಲಿನ ತಾಮ್ರಕ್ಕೆ ಬೆವರು ತಾಗಿದರೆ ಅದು ಸುಮ್ಮನಿರುವುದಿಲ್ಲ. ಇದರ ಮೇಲೆ ನಾನು ವಿಭಾಗದಲ್ಲಿ ಒಂದು ತಾಸು ಭಾಷಣ ಮಾಡಿದ್ದೆ, ತಥಾಗತ ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದಿದ್ದ. ಅದೇ ಹಸಿರು ತಿಂಗಳಿಂದ ನನ್ನ ಪಕ್ಕದಲ್ಲೇ, ಒಂದು ಮಫ್ಲರಿನ ಕೆಳಗೆ ಬೆಳೆಯುತ್ತಿತ್ತು. ನನಗೆ ಕಂಡಿರಲಿಲ್ಲ.

"ಅಣ್ಣಾ," ಎಂದಳು ಅವ್ವ.

ಮಾಮಾ ಕೂತ. ಒಮ್ಮೆಲೇ ವಯಸ್ಸಾದವನ ಹಾಗೆ ಕಂಡ. "ಮೈತ್ರಿ ಹುಟ್ಟಿದಾಗ ತೊಟ್ಟಿಲ ಮುಂದ ನಿಂತು ಹೇಳಿದ್ದೆ," ಎಂದ, ನನ್ನ ಕಡೆ ಕೈ ಮಾಡಿ, ಯಾರ ಮುಖವನ್ನೂ ನೋಡದೆ. "ಇಕೀ ಗಂಡಗ ಬಂಗಾರದ ಸರಾ ನಾನ ಹಾಕಾಂವ ಅಂತ. ಬಂಗಾರ ಮುಗಲಿಗೆ ಹೋಗಿ ಕುಂತೈತಿ. ಆಗಲಿಲ್ಲ. ಅಂಗಡ್ಯಾಗಿನ ಹಿತ್ತಾಳಿ ಸರದಾಗ ಚಲೋದು ಆರಿಸಿ ತಂದೆ. ಆರು ತಿಂಗಳ ಬಣ್ಣಾ ಹೋಗಬಾರದಿತ್ತದು." ಅವನ ಮಾತನ್ನು ತಥಾಗತ ತಾಯಿಗೆ ಮೆಲ್ಲಗೆ ಬಂಗಾಳಿಯಲ್ಲಿ ಹೇಳಿದ.

ಅವನ ಮೇಲೆ ಕೂಗಾಡಬೇಕೆಂದು ಬಾಯಿ ತೆರೆದಿದ್ದೆ. ಆಗಲಿಲ್ಲ. ಬದಲಿಗೆ ತಥಾಗತನನ್ನು ಕೇಳಿದೆ. "ಹಸಿರಾಗಿದ್ದು ನೋಡಿದ ಮ್ಯಾಲೂ ಯಾಕ ತಗೀಲಿಲ್ಲ ನೀ?"

ಅವನು ಅವ್ವನ ಕಡೆ ನೋಡಿದ. "ಕಾಕಿಮಾ ಹೇಳಿದ್ರು. ಮದಿವಿ ತನಕ ತಗೀಬ್ಯಾಡ ಅಂತ."

ಅವ್ವ ಹಾಗೆ ಅಂದದ್ದು ನಿಜ. ನಿಶ್ಚಿತಾರ್ಥದ ದಿನ ಎಲ್ಲ ಅವ್ವಂದಿರೂ ಅನ್ನುವ ಮಾತು ಅದು, ಅಂದವರೂ ಮರೆಯುತ್ತಾರೆ, ಕೇಳಿಸಿಕೊಂಡವರೂ ಮರೆಯುತ್ತಾರೆ. ಈ ಹುಡುಗ ಮರೆತಿರಲಿಲ್ಲ. ಇವನನ್ನು ಬಿಟ್ಟು ನಾನು ಬದುಕಲಾರೆ ಅಂತ ಅನ್ನಿಸಿದ್ದು ಆಗಲೇ, ಆ ಹಸಿರು ಕುತ್ತಿಗೆ ನೋಡುತ್ತ.

ಮಂಜುಶ್ರೀ ಎದ್ದು ಒಳಗೆ ಹೋದರು. ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನಾವು ಕೊಟ್ಟದ್ದೂ ಬಯಲಾಗಿತ್ತು, ಅವರು ಇನ್ನು ಏನಂದರೂ ಕೇಳಿಸಿಕೊಂಡು ಮನೆಗೆ ಹೋಗುವುದೊಂದೇ ಉಳಿದದ್ದು. ಅವರು ಬೋರೋಲಿನ್ ಟ್ಯೂಬು ಹಿಡಿದು ವಾಪಸು ಬಂದರು. ಬಂಗಾಳದಲ್ಲಿ ಬಿದ್ದ ಗಾಯದಿಂದ ಹಿಡಿದು ಮುರಿದ ಮನಸ್ಸಿನವರೆಗೆ ಎಲ್ಲದಕ್ಕೂ ಅದೊಂದೇ ಔಷಧಿ. ಮಗನ ಕುತ್ತಿಗೆಗೆ ಹಚ್ಚುತ್ತ, "ಕತ್ತೆ," ಎಂದು ಬಂಗಾಳಿಯಲ್ಲಿ ಬೈದರು. ಆಮೇಲೆ ಸಂದೇಶದ ತಟ್ಟೆಯನ್ನು ಮಾಮಾನ ಕಡೆ ತಳ್ಳಿದರು.

"ತಿನ್ನಿ," ಎಂದರು. "ನಮ್ಮದು ಮೇಲೆ ಚಿನ್ನ, ಒಳಗೆ ಕಬ್ಬಿಣ. ನಿಮ್ಮದು ಮೇಲೆ ಚಿನ್ನ, ಒಳಗೆ ಹಿತ್ತಾಳೆ. ಯಾರು ಯಾರಿಗೆ ಹೇಳುವುದು? ಆದರೆ ಅರವನ್ನು ಮದುವೆಮನೆಗೆ ತರಬೇಡಿ."

ಮಾಮಾ ಒಂದು ಸಂದೇಶ ಬಾಯಿಗಿಟ್ಟುಕೊಂಡ. ಅಳುತ್ತ ತಿಂದ. ಇನ್ನೊಂದನ್ನೂ ತಿಂದ. ನಂತರ ಎದ್ದು ತಥಾಗತನ ಹತ್ತಿರ ಹೋಗಿ, "ಅದನ್ನ ತಗದು ಕೊಟ್ಟುಬಿಡಪಾ," ಎಂದು ಕೈ ಚಾಚಿದ.

"ಮದಿವಿ ತನಕ," ಎಂದ ತಥಾಗತ. ಕತ್ತೆಯೇ ಸರಿ.

ನಾನು ಮಂಜುಶ್ರೀಯವರನ್ನು ಬಣ್ಣವಿಲ್ಲದ ನೇಲ್ ಪಾಲಿಶ್ ಇದೆಯಾ ಎಂದು ಕೇಳಿದೆ. ಇತ್ತು. ಒಂದು ಗಳಿಗೆಯ ಮಟ್ಟಿಗೆ ಸರ ಬಿಚ್ಚಿಸಿ, ತೊಳೆದು ಒರೆಸಿ, ಟೀಪಾಯಿಯ ಮೇಲೆ ಹಾಸಿಕೊಂಡು ಕೊಂಡಿ ಕೊಂಡಿಗೂ ಹಚ್ಚತೊಡಗಿದೆ. ಬೆವರು ಲೋಹಕ್ಕೆ ತಾಗದಿದ್ದರೆ ಆಯಿತು, ಅಷ್ಟೇ ವಿದ್ಯೆ. ಇಷ್ಟಕ್ಕೆ ಸರಕಾರ ನನಗೆ ನಾಲ್ಕು ವರ್ಷ ಫೆಲೋಶಿಪ್ ಕೊಟ್ಟಿದೆ. ಸರ ಮುಗಿದ ಮೇಲೆ ಬಳೆ ತೆಗೆದುಕೊಂಡೆ. ಚಿನ್ನದ ಪಕ್ಕದಲ್ಲಿ ಬರಿ ಕಬ್ಬಿಣ ಬಿಟ್ಟರೆ ಬೇಗ ತುಕ್ಕು ಹಿಡಿಯುತ್ತದೆ. ಅಕ್ಕಸಾಲಿಗರ ಹತ್ತಿರ ಕಳಿಸಿ ಮುಚ್ಚಿಸುತ್ತೇನೆ ಎಂದರು ಮಂಜುಶ್ರೀ. ಬೇಡ, ಹಾಗೇ ಇರಲಿ ಎಂದು ಆ ಸೀಳಿಗೂ ಅದೇ ಪಾಲಿಶ್ ಹಚ್ಚಿದೆ. ಡಬ್ಬಿಯಲ್ಲಿಡುವ ಬಳೆಗೆ ಯಾರೂ ಇಷ್ಟು ಶ್ರಮ ಪಡುವುದಿಲ್ಲ.

ಮಾಮಾ ನನ್ನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದ. "ಇದು ಎಷ್ಟ ದಿನಾ ಹಿಡೀತೈತವಾ?" ಎಂದು ಮೆಲ್ಲಗೆ ಕೇಳಿದ.

"ಮದಿವಿ ತನಕ ಹಿಡೀತೈತಿ, ಮಾಮಾ."

"ಆಮ್ಯಾಲ?"

"ಆಮ್ಯಾಲ ಮತ್ತ ಹಚ್ಚೂದು," ಎಂದೆ.