ಚೀಟಿಯ ಕೊನೆಯ ಸಾಲು

ಅತೀಕ್‌ಗೆ ಮಾತು ತಡವರಿಸುತ್ತಿತ್ತು. ಅವನು ಕುಣಿಗಲ್ಲಿನಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಮುಖ್ತಾರ್ ಅಹಮದ್ ಅವರ ಮಗ. ತುಮಕೂರಿನಲ್ಲಿ ಮೆಡಿಕಲ್ ಮೂರನೇ ವರ್ಷ ಓದುತ್ತಿದ್ದ. ಬರೆಯುವ ಪರೀಕ್ಷೆಗಳಲ್ಲಿ ಅವನೇ ಮುಂದು. ರೋಗಿಯೊಡನೆ ಮಾತಾಡುವ ಪರೀಕ್ಷೆಯಲ್ಲಿ ಮಾತ್ರ ಎರಡು ಸಲ ಫೇಲಾಗಿದ್ದ. ‘ಮ’ ಬಂದರೆ ತುಟಿ ಅಂಟಿಕೊಳ್ಳುತ್ತಿತ್ತು. ‘ಮಾತ್ರೆ’ ಅನ್ನುವಷ್ಟರಲ್ಲಿ ಸಮಯ ಮುಗಿದು ಬೆಲ್ ಹೊಡೆದಿರುತ್ತಿತ್ತು.

ಆ ಪರೀಕ್ಷೆಗೆ ರೋಗಿಯಾಗಿ ನಟಿಸಲು ಗುಬ್ಬಿಯಿಂದ ದಾಕ್ಷಾಯಣಮ್ಮ ಬರುತ್ತಿದ್ದರು. ಹಿಂದೆ ನಾಟಕಗಳಲ್ಲಿ ಪಾರ್ಟು ಮಾಡಿದವರು. ರೋಗಿಯ ಕಷ್ಟವನ್ನೆಲ್ಲ ಪರೀಕ್ಷೆ ನಡೆಸುವ ಡಾಕ್ಟರ್ ಅನುಪಮಾ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಅದರ ಕೊನೆಯ ಸಾಲಿಗೆ ಒಂದು ಷರತ್ತಿತ್ತು: ಎದುರಿಗಿರುವವರ ಹತ್ತಿರ ಹೇಳಿಕೊಳ್ಳಬಹುದು ಅನ್ನಿಸಿದರೆ ಮಾತ್ರ ಅದನ್ನು ಹೇಳಬೇಕು.

ಮೂರನೇ ಸಲ ಅತೀಕ್‌ನ ಸರದಿ ಬರುವ ಹೊತ್ತಿಗೆ ಮೂವತ್ತೆಂಟು ಜನ ಬಂದು ಹೋಗಿದ್ದರು. ಎಲ್ಲರೂ ಪಟಪಟನೆ ಪ್ರಶ್ನೆ ಕೇಳಿದ್ದರು. “ಮಾತ್ರೆ ಬಿಡಬಾರ್ದು ಅಂತ ಗೊತ್ತಾಗಲ್ವಾ?” ಎಂದು ಕೆಲವರು ಗದರಿಸಿಯೂ ಇದ್ದರು. ಕೊನೆಯ ಸಾಲು ಯಾರಿಗೂ ಸಿಕ್ಕಿರಲಿಲ್ಲ.

ಅತೀಕ್ ಹದಿನಾರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಮೊದಲನೆಯದಕ್ಕೇ ಸಿಕ್ಕಿಹಾಕಿಕೊಂಡ. ಗಡಿಯಾರ ಓಡುತ್ತಿತ್ತು. ಕೊನೆಗೆ ಪ್ರಶ್ನೆಗಳನ್ನೆಲ್ಲ ಬಿಟ್ಟು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

“ಅಮ್ಮಾ, ನಂಗೆ ಮ್... ಮಾತು ಸಿಕ್ಕಾಕ್ಕೊಳುತ್ತೆ. ಸ್ವಲ್ಪ ತಡ್ಕೊಳ್ಳಿ. ನೀವೂ ನಿಧಾನಕ್ಕೆ ಹೇಳಿ, ಕೇಳ್ತೀನಿ.”

“ಫಿಟ್ಸ್ ಬರುತ್ತೆ ಸಾರ್. ಮೊನ್ನೆ ಒಲೆ ಮುಂದೇನೇ ಬಿದ್ಬಿಟ್ಟೆ,” ಎಂದರು ದಾಕ್ಷಾಯಣಮ್ಮ. ಆಮೇಲೆ ಸುಮ್ಮನಾದರು.

ಅತೀಕ್ ಕೂಡ ಸುಮ್ಮನೆ ಕೂತ. ಅರ್ಧ ನಿಮಿಷ ಕಳೆಯಿತು.

“ಮಾತ್ರೆ ನಿಲ್ಸಿಬಿಟ್ಟಿದೀನಿ,” ಎಂದರು ಆಕೆ, ತಲೆ ತಗ್ಗಿಸಿ.

“ಏನೋ ಕಷ್ಟ ಇದ್ದೇ ನಿಲ್ಸಿರ್ತೀರ.”

ದಾಕ್ಷಾಯಣಮ್ಮ ತಲೆಯೆತ್ತಿ ಅವನನ್ನೇ ನೋಡಿದರು. “ಮಗಳಿಗೆ ಗಂಡು ನೋಡ್ತಾ ಇದೀವಿ ಸಾರ್. ತಾಯಿಗೆ ಫಿಟ್ಸು ಅಂದ್ರೆ ಯಾರು ಮಾಡ್ಕೊತಾರೆ? ಬಂದೋರ ಕಣ್ಣಿಗೆ ಬೀಳ್ಬಾರ್ದು ಅಂತ ಮಾತ್ರೆ ಎಲ್ಲಾ ಬಿಸಾಕ್ಬಿಟ್ಟೆ.”

ಗಾಜಿನ ಆಚೆ ಕೂತಿದ್ದ ಡಾಕ್ಟರ್ ಅನುಪಮಾ ಎದ್ದು ನಿಂತರು. ಚೀಟಿಯ ಕೊನೆಯ ಸಾಲು ಅದೇ.

“ಭಯ ಆಗೋದು ಸಹಜ ಅಮ್ಮಾ,” ಎಂದ ಅತೀಕ್. “ಆದ್ರೆ ಮ... ಮದ್ವೆ ದಿನ ನೀವು ಚೆನ್ನಾಗಿರ್ಬೇಕಲ್ವಾ? ಮಗಳೊಬ್ಬಳಿಗಾದ್ರೂ ಹೇಳಿ. ಮಾತ್ರೆ ಅವಳ ಹತ್ರಾನೇ ಇರ್ಲಿ. ಹೇಳೋಕೆ ಕಷ್ಟ ಆದ್ರೆ ಕರ್ಕೊಂಡು ಬನ್ನಿ, ನಾನೂ ಜೊತೇಲಿ ಕೂತ್ಕೊತೀನಿ.”

ಬೆಲ್ ಹೊಡೆಯಿತು. ದಾಕ್ಷಾಯಣಮ್ಮನ ಕಣ್ಣು ತುಂಬಿತ್ತು. ಅದು ಚೀಟಿಯಲ್ಲಿ ಇರಲಿಲ್ಲ.

ಸಂಜೆ ಫಲಿತಾಂಶ ಬಂತು. ಎಲ್ಲರಿಗಿಂತ ಮೇಲೆ ಅತೀಕ್‌ನ ಹೆಸರಿತ್ತು. ಮರುದಿನ ಡಾಕ್ಟರ್ ಅನುಪಮಾ ಇಡೀ ಕ್ಲಾಸಿನ ಮುಂದೆ ಅವನ ಕೈಗೆ ಮೈಕ್ ಕೊಟ್ಟು, “ಹೇಗೆ ಕೇಳಿದೆ ಅಂತ ಇವರಿಗೆ ಹೇಳಪ್ಪ,” ಎಂದರು. ಅವನು ಹಲವು ಕಡೆ ತಡವರಿಸಿದ. ಆದರೂ ಇಪ್ಪತ್ತು ನಿಮಿಷ ಮಾತಾಡಿದ. ಅವನ ಮಾತನ್ನು ಯಾರೂ ಮಧ್ಯೆ ಬಾಯಿ ಹಾಕಿ ಮುಗಿಸಿಕೊಡಲಿಲ್ಲ. ಮುಗಿದಾಗ ಮೊದಲು ಚಪ್ಪಾಳೆ ತಟ್ಟಿದವರು ಹಿಂದೆ ಕೂತಿದ್ದ ದಾಕ್ಷಾಯಣಮ್ಮ.

ಗೆಳೆಯ ಗಂಗಾಧರ್ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ತಿಂಡಿ ತಿನ್ನಲು ಕ್ಯಾತ್ಸಂದ್ರಕ್ಕೆ ಹೊರಟ. ಹೋಟೆಲಿನಲ್ಲಿ ಯಾವಾಗಲೂ ಇಬ್ಬರ ಪರವಾಗಿ ಆರ್ಡರ್ ಹೇಳುತ್ತಿದ್ದವನು ಗಂಗಾಧರನೇ. ಅವತ್ತು ಅತೀಕ್ ಅವನನ್ನು ಪಕ್ಕಕ್ಕೆ ಸರಿಸಿ, ಕೌಂಟರಿನ ಮುಂದೆ ನಿಂತು ಗಟ್ಟಿಯಾಗಿ ಹೇಳಿದ:

“ಮ... ಮ... ಮೂರು ತಟ್ಟೆ ಇಡ್ಲಿ!”

“ಇರೋದು ಇಬ್ರೇ ಅಲ್ವೇನೋ!” ಎಂದ ಗಂಗಾಧರ್.

“ನಂಗೆ ಎರಡು ಕಣೋ,” ಎಂದು ಅತೀಕ್ ನಕ್ಕ.