ಅಕ್ಕನ ಮಂಚದ ಅಳತೆ

ನಾವು ಚಿಕ್ಕವರಿದ್ದಾಗ ಮಲಗುತ್ತಿದ್ದ ಮಂಚಕ್ಕೆ ಕಿತ್ತಳೆ ಹಣ್ಣಿನ ವಾಸನೆಯಿತ್ತು. ಅಪ್ಪ ಹಣ್ಣಿನ ಮಂಡಿಯಲ್ಲಿ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವ ಕೆಲಸದಲ್ಲಿದ್ದರು. ಮುರಿದ ಪೆಟ್ಟಿಗೆಗಳ ಹಲಗೆ ತಂದು ಅವರೇ ಜೋಡಿಸಿದ ಮಂಚ ಅದು. ಬೇಸಿಗೆಯಲ್ಲಿ ಹಲಗೆ ಕಾದರೆ ವಾಸನೆ ಜೋರಾಗುತ್ತಿತ್ತು. ಅರೆಹೊಟ್ಟೆಯಲ್ಲಿ ಮಲಗಿದ ದಿನ ನಾನು ಹಲಗೆಗೆ ಮೂಗು ಒತ್ತಿಕೊಂಡೇ ನಿದ್ದೆ ಹೋಗುತ್ತಿದ್ದೆ. ನಾನು ಗೋಡೆಯ ಕಡೆ, ಅಕ್ಕ ಈಚೆ ಅಂಚಿಗೆ. ನಾನು ಬೀಳಬಾರದೆಂದು ಅವಳು ಆ ಅಂಚನ್ನು ಆರಿಸಿಕೊಂಡಿದ್ದಳೆಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಕೊನೆಗೆ ಬಿದ್ದದ್ದು ಅಕ್ಕನೇ, ಎಪ್ಪತ್ತಾರನೆಯ ವಯಸ್ಸಿನಲ್ಲಿ, ಬಚ್ಚಲ ಹೊಸ್ತಿಲಲ್ಲಿ. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಆರು ವಾರ ಕಳೆದ ಮೇಲೆ ಒಂದು ದಿನ, ಅವಳಿಗೆ ನಡಿಗೆ ಕಲಿಸುತ್ತಿದ್ದ ಫಿಸಿಯೋ ಹುಡುಗಿ ನನ್ನನ್ನು ವಾರ್ಡಿನ ಹೊರಗೆ ಕರೆದಳು. ನಿಂತೇ ಹೇಳಿ ಹೋಗಬಹುದಿತ್ತು. ನನ್ನನ್ನು ಬೆಂಚಿನ ಮೇಲೆ ಕೂರಿಸಿ ತಾನೂ ಪಕ್ಕದಲ್ಲಿ ಕೂತಳು.

"ಅಜ್ಜಿ, ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ಮನೇಲಿರೋದು ನೀವಿಬ್ರೇ. ಅವರು ಯಾರ ಸಹಾಯಾನೂ ಇಲ್ದೆ ಹಾಸಿಗೆಯಿಂದ ಎದ್ದು ನಿಲ್ಲಬೇಕು. ನೀವು ಎತ್ತೋಕೆ ಹೋಗಿ ನೀವೂ ಬಿದ್ರೆ?"

"ನಿಲ್ಲೋಕಾಗದಿದ್ರೆ?"

"ಗುರುವಾರ ಮನೆಗೆ ಕಳಿಸ್ತೀವಿ. ಮಧ್ಯಾಹ್ನ ನಾನೇ ಬಂದು ನೋಡ್ತೀನಿ. ಆಗದಿದ್ರೆ ವೃದ್ಧಾಶ್ರಮದಲ್ಲಿ ಒಂದು ಜಾಗ ಹೇಳಿಟ್ಟಿದ್ದೀವಿ. ಶುಕ್ರವಾರದ ತನಕ ಹಿಡಿದಿಟ್ಟಿರ್ತಾರೆ."

ನಮ್ಮ ಮನೆಯ ಮಂಚಗಳೆರಡೂ ಕಬ್ಬಿಣದವು. ಸ್ಪ್ರಿಂಗು ಸೋತು ನಡುವೆ ತೊಟ್ಟಿಲಿನಂತೆ ಜೋಲುತ್ತಿದ್ದವು. ಹಾಗೆಂದಾಗ, ಅವು ನಡೆಯುವುದಿಲ್ಲ ಎಂದಳು ಆ ಹುಡುಗಿ. ಮರದ್ದು, ಗಟ್ಟಿ ತಳದ್ದು ಬೇಕು. ಕೂತಾಗ ಪಾದ ಪೂರ್ತಿಯಾಗಿ ನೆಲಕ್ಕೆ ತಾಕಬೇಕು, ಸೊಂಟ ಮೊಣಕಾಲಿಗಿಂತ ಒಂದು ಚೂರು ಮೇಲಿರಬೇಕು. ತಗ್ಗಾದರೆ ಏಳಲಾಗದು, ಎತ್ತರವಾದರೆ ಜಾರುತ್ತಾರೆ.

ವೃದ್ಧಾಶ್ರಮದ ಮಾತನ್ನೂ ಬಿಡದೆ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. "ನನ್ನ ಹೊಲಿಗೆ ಚೀಲ ತಗೊಂಡು ಬಾ" ಎಂದಳಷ್ಟೆ.

ಅಕ್ಕ ಊರಿಗೆಲ್ಲ ಟೈಲರಕ್ಕ. ಐವತ್ತು ವರ್ಷ ಹೊಲಿದವಳು. ನನ್ನ ಕಾಲೇಜಿನ ಮೂರು ವರ್ಷವೂ ಅವಳ ಮಿಷನ್ನಿನ ತುಳಿತದಲ್ಲೇ ಕಳೆದದ್ದು. ವಾರ್ಡಿನ ಕುರ್ಚಿಯಲ್ಲಿ ಕೂತು, ಬಿಳಿ ಬಟ್ಟೆಯ ಒಂದು ಪಟ್ಟಿ ಹಿಡಿದು, ಮೊಣಕಾಲಿನ ಹಿಂಬದಿಯಿಂದ ಪಾದದ ತನಕ ತಾನೇ ಅಳತೆ ತೆಗೆದುಕೊಂಡಳು. ಆ ಜಾಗಕ್ಕೆ ಕೆಂಪು ದಾರದಲ್ಲಿ ಒಂದು ಹೊಲಿಗೆ ಹಾಕಿ ನನ್ನ ಕೈಗಿತ್ತಳು. "ಇದರ ಪ್ರಕಾರ ತಗೋ, ಪುಟ್ಟಿ. ಅಂಗಡಿಯವನ ಬಾಯಿಮಾತು ಕೇಳ್ಬೇಡ."

ಎಪ್ಪತ್ತೊಂದಾದರೂ ನಾನು ಅವಳಿಗೆ ಪುಟ್ಟಿಯೇ.

ಮೊದಲು ಹೋದದ್ದು ಮುಖ್ಯರಸ್ತೆಯ ದೊಡ್ಡ ಅಂಗಡಿಗೆ. ಅಲ್ಲಿನ ಮಂಚಗಳೆಲ್ಲ ನೆಲಕ್ಕೆ ಅಂಟಿಕೊಂಡಂತಿದ್ದವು. ಈಗ ಅದೇ ಫ್ಯಾಷನ್ನಂತೆ. ಮಾರುವ ಹುಡುಗ ಉತ್ಸಾಹದಿಂದ ಒಂದರ ತಲೆಯ ಭಾಗ ತಟ್ಟಿದ. "ಇದರಲ್ಲಿ ಮೊಬೈಲ್ ಚಾರ್ಜ್ ಮಾಡ್ಕೋಬಹುದು, ಅಜ್ಜಿ."

"ನನ್ನ ಅಕ್ಕನ್ನ ಚಾರ್ಜ್ ಮಾಡೋಕಾಗುತ್ತೇನಪ್ಪ?"

ಅವನು ನಕ್ಕ. ಆಮೇಲೆ ನನ್ನ ಕೈಯಲ್ಲಿದ್ದ ಪಟ್ಟಿ ನೋಡಿ ಏನೆಂದು ಕೇಳಿದ. ಹೇಳಿದೆ. ಒಮ್ಮೆ ಮಾಲೀಕರ ಟೇಬಲ್ಲಿನ ಕಡೆ ನೋಡಿದ. ತಮ್ಮ ಅಂಗಡಿಯ ಕಾರ್ಡನ್ನೇ ತಿರುಗಿಸಿ, ಹಿಂದೆ ಸಣ್ಣ ಅಕ್ಷರದಲ್ಲಿ ಒಂದು ವಿಳಾಸ ಬರೆದ. "ಹಿಂದಿನ ಬೀದಿ. ಒಬ್ಬರು ಬಡಗಿ ಇದ್ದಾರೆ. ನಿಮಗೆ ಬೇಕಾದ್ದು ಇಲ್ಲಿ ಸಿಗಲ್ಲ."

ಬಡಗಿಯ ಮನೆ ಮುಂದಿನ ತಗಡಿನ ಚಪ್ಪರವೇ ಅವರ ಕಾರ್ಖಾನೆ. ಐವತ್ತರ ಆಸುಪಾಸಿನ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್, ಮಾತು ಕಡಿಮೆ. ಒಂದು ಹಾಸ್ಟೆಲಿಗೆಂದು ಪೈನ್ ಮರದ ಮಂಚಗಳನ್ನು ಮಾಡಿದ್ದರು; ಲೆಕ್ಕ ತಪ್ಪಿ ಒಂದು ಉಳಿದಿತ್ತು. ನಾಲ್ಕು ಕಾಲು, ಎರಡು ಉದ್ದನೆಯ ಪಟ್ಟಿ, ನಡುವೆ ಒತ್ತೊತ್ತಾಗಿ ಅಡ್ಡಪಟ್ಟಿಗಳು. ಕೆತ್ತನೆಯಿಲ್ಲ, ಬಣ್ಣವಿಲ್ಲ. ಹೇಳಿದ ಬೆಲೆ ನನ್ನ ಪಿಂಚಣಿಗೆ ಎಟುಕುವಂಥದ್ದು. ನಾನು ಚೌಕಾಸಿ ಮಾಡಲಿಲ್ಲ. ಅದಕ್ಕೆ ಅವರಿಗೇ ಆಶ್ಚರ್ಯವಾಯಿತು.

"ಕಾಲು ಉದ್ದ ಇದೆ, ಕತ್ತರಿಸಿ ಕೊಡ್ತೀನಿ" ಎಂದು ನನ್ನ ಕೈಯ ಬಟ್ಟೆಪಟ್ಟಿ ಇಸಿದುಕೊಂಡರು. "ಹಾಸಿಗೆ ಸೇರಿಸಿ ಈ ಅಳತೆನಾ, ಬಿಟ್ಟಾ?"

ನನಗೆ ಗೊತ್ತಿರಲಿಲ್ಲ. ವಾರ್ಡಿಗೆ ಫೋನ್ ಮಾಡಿದೆ.

"ಎಲ್ಲಾ ಸೇರಿಸಿಯೇ ಕಣೇ" ಎಂದಳು ಅಕ್ಕ. "ಐವತ್ತು ವರ್ಷ ಅಳತೆ ತೆಗೆದ ಕೈ ಇದು. ಹೇಳಿದಷ್ಟು ಮಾಡಿ ಅನ್ನು."

ಬಡಗಿ ಮತ್ತೊಂದು ಪ್ರಶ್ನೆ ಕೇಳಿದರು. "ಅವರು ತೂಕದವರಾ? ಕೂತರೆ ಹಾಸಿಗೆ ಎಷ್ಟು ಒತ್ತುತ್ತೆ ಅಂತ ನೋಡಬೇಕಲ್ಲ."

"ನನಗಿಂತ ದಪ್ಪ" ಎಂದೆ. ಆಮೇಲೆ ನೆನಪಾಯಿತು. ಆರು ವಾರದಲ್ಲಿ ಅವಳ ಬಳೆಗಳು ಮೊಣಕೈ ತನಕ ಸರಿಯುವಂತಾಗಿದ್ದವು. "ಇಲ್ಲ... ಈಗ ಇಲ್ಲ. ಹಗುರಾಗಿದ್ದಾಳೆ."

ಅವರು ನನ್ನ ಮುಖ ನೋಡದೆ, ಪೆನ್ಸಿಲ್ ತೆಗೆದು ಮರದ ಮೇಲೆ ಗೀಟು ಹಾಕತೊಡಗಿದರು.

ಬುಧವಾರ ಮಂಚ ಮನೆಗೆ ಬಂತು, ಹಜಾರದಲ್ಲೇ ಹಾಕಿಸಿದೆ. ಹಾಸಿಗೆ ಅಂಗಡಿಯಲ್ಲಿ ನಾನು ಬಡಗಿ ಲೆಕ್ಕ ಹಿಡಿದದ್ದಕ್ಕಿಂತ ಸ್ವಲ್ಪ ದಪ್ಪನೆಯದನ್ನೇ ಆರಿಸಿದ್ದೆ. ಮೂಳೆ ಮುರಿದವಳಿಗೆ ಮೆತ್ತಗಿರಲಿ ಎಂದು.

ಗುರುವಾರ ಬೆಳಿಗ್ಗೆ ಆಸ್ಪತ್ರೆಯ ವ್ಯಾನಿನವರು ಅಕ್ಕನನ್ನು ಮಂಚದ ಮೇಲೆ ಕೂರಿಸಿ ಹೋದರು. ಅವಳು ಮಂಚದ ಅಂಚಿನ ಮೇಲೆ ಕೈಯಾಡಿಸಿ "ಒಳ್ಳೆ ಕೆಲಸ" ಎಂದಳು. ಆಮೇಲೆ ಇಬ್ಬರೂ ಒಟ್ಟಿಗೆ ಕೆಳಗೆ ನೋಡಿದೆವು. ಪಾದಗಳು ನೆಲಕ್ಕೆ ತಾಕಿರಲಿಲ್ಲ. ಎರಡು ಇಂಚು ಮೇಲೆ, ಬಸ್ಸಿನ ಸೀಟಿನಲ್ಲಿ ಕೂತ ಮಗುವಿನ ಕಾಲಿನಂತೆ ತೂಗುತ್ತಿದ್ದವು.

"ಮುಂದೆ ಬರ್ತೀನಿ, ತಡಿ" ಎಂದು ಅಂಚಿಗೆ ಸರಿದಳು. ಹಾಸಿಗೆ ಜಾರಿತು. ನಾನು ಓಡಿ ಹಿಡಿದುಕೊಂಡೆ. ಅವಳ ಎದೆ ನನ್ನ ಭುಜಕ್ಕೆ ಒತ್ತಿ ಬಡಿದುಕೊಳ್ಳುತ್ತಿತ್ತು. ನನ್ನ ಬಲ ಎಷ್ಟೆಂದು ಆ ಗಳಿಗೆಯಲ್ಲಿ ಇಬ್ಬರಿಗೂ ಗೊತ್ತಾಯಿತು. ಹೇಗೋ ಮಾಡಿ ಅವಳನ್ನು ಪಕ್ಕದ ಕುರ್ಚಿಗೆ ದಾಟಿಸಿದೆ.

"ಅಕ್ಕ, ಅಳತೆ ಸರಿಯಾಗಿ ತೆಗೆದಿದ್ದೆ ತಾನೆ?"

ಅವಳು ಪಟ್ಟಿ ತರಿಸಿಕೊಂಡು ಕೆಂಪು ಹೊಲಿಗೆಯನ್ನು ತನ್ನ ಕಾಲಿಗೆ ಹಿಡಿದು ನೋಡಿದಳು.

"ಮಡಿಕೆಗೆ ಬಿಟ್ಟಿದ್ದೀನಿ ಕಣೇ."

"ಏನು?"

"ಪಾಯಿಜಾಮದ ಕಾಲಿಗೆ ಬಿಡ್ತೀವಲ್ಲ, ಮಡಚಿ ಹೊಲಿಯೋಕೆ ಒಂದಿಂಚು. ಕೈ ತಾನಾಗಿ ಬಿಟ್ಟಿದೆ." ತಲೆ ಎತ್ತಲಿಲ್ಲ. "ಮಂಚದ ಕಾಲಿಗೆ ಯಾವಳಾದ್ರೂ ಮಡಿಕೆ ಬಿಡ್ತಾಳಾ? ತಲೆನೂ ಹೋಯ್ತು ಅನ್ಕೋ ನಂದು. ಅಲ್ಲಿಗೇ ಕಳಿಸಿಬಿಡು ನನ್ನ."

ಬೆಳಗಿನಿಂದ ಗಟ್ಟಿಯಾಗಿದ್ದವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಗಂಟೆ ಹನ್ನೆರಡಾಗಿತ್ತು. ಫಿಸಿಯೋ ಎರಡಕ್ಕೆ ಬರುವವಳು. ನಾನು ಬಡಗಿಗೆ ಫೋನ್ ಮಾಡಿದೆ.

ಇಪ್ಪತ್ತು ನಿಮಿಷದಲ್ಲಿ ಅವರು ಸೈಕಲ್ಲಿಗೆ ಗರಗಸ ಕಟ್ಟಿಕೊಂಡು ಬಂದರು. ಅಕ್ಕ ತಾನೇ ಮುಂದಾಗಿ ತಪ್ಪೊಪ್ಪಿಕೊಂಡಳು. ಅವರು ತಲೆ ಕೆರೆದುಕೊಂಡರು.

"ನಾನೂ ಅರ್ಧ ಇಂಚು ಜಾಸ್ತಿ ಬಿಟ್ಟಿದ್ದೆನಮ್ಮ. ಕತ್ತರಿಸಿದ ಮೇಲೆ ಸೇರಿಸೋಕಾಗಲ್ವಲ್ಲ."

"ಹೌದು ಮತ್ತೆ! ಬಟ್ಟೆಗೂ ಅಷ್ಟೇ" ಎಂದಳು ಅಕ್ಕ. ಜೊತೆಗಾರನೊಬ್ಬ ಸಿಕ್ಕಂತೆ ಅವಳ ದನಿ ಸ್ವಲ್ಪ ಚೇತರಿಸಿತು. ಇಬ್ಬರೂ ನನ್ನ ದಪ್ಪ ಹಾಸಿಗೆಯ ಕಡೆ ತಿರುಗಿದರು. ನಾನು ಕಿಟಕಿಯಾಚೆ ನೋಡಿದೆ.

"ಈಗ ಆ ಪಟ್ಟಿ ಬೇಡ" ಎಂದರು ಬಡಗಿ. "ನಾನೇ ಅಳೀಲಾ, ಅಮ್ಮ?"

ಊರಿನ ಅರ್ಧ ಜನರ ತೋಳು, ಸೊಂಟ, ಕೊರಳು ಅವಳ ಟೇಪಿಗೆ ಸಿಕ್ಕಿದ್ದವು. ಅವಳ ಅಳತೆಯನ್ನು ಮಾತ್ರ ಇನ್ನೊಬ್ಬರು ತೆಗೆದದ್ದಿಲ್ಲ. ತನ್ನ ರವಿಕೆಯನ್ನೂ ತಾನೇ ಅಳೆದು ಹೊಲಿದುಕೊಂಡವಳು. ಕೊನೆಗೆ ಸೀರೆಯನ್ನು ಪಾದದ ಮೇಲೆ ಒಂದಿಷ್ಟು ಎತ್ತಿಕೊಂಡಳು. ಬಡಗಿ ನೆಲದ ಮೇಲೆ ಮಂಡಿಯೂರಿ, ಅಂಗೈಯನ್ನು ಅಂಗಿಗೆ ಒರೆಸಿಕೊಂಡು, ಸ್ಟೀಲಿನ ಟೇಪು ಅವಳ ಕಾಲಿಗೆ ಸೋಕದಂತೆ ಪಕ್ಕದಲ್ಲಿ ನಿಲ್ಲಿಸಿದರು.

"ಉಸಿರು ಬಿಡಿ, ಅಮ್ಮ."

ಅಕ್ಕ ಉಸಿರು ಬಿಗಿಹಿಡಿದಿದ್ದಳು. ಬಿಟ್ಟು, ಸಣ್ಣಗೆ ನಕ್ಕಳು. "ಇದನ್ನ ನಾನು ಎಲ್ಲರಿಗೂ ಹೇಳ್ತಿದ್ದೆ."

ಮಂಚವನ್ನು ಮಗ್ಗುಲಿಗೆ ಹೊರಳಿಸಿ ಅವರು ಒಂದೊಂದೇ ಕಾಲು ಕತ್ತರಿಸಿದರು. ನಮ್ಮ ನೆಲ ಬಾಗಿಲ ಕಡೆ ಇಳಿಜಾರು; ಅದನ್ನೂ ನೋಡಿ ಎರಡು ಕಾಲಿಗೆ ಒಂದು ಎಳೆ ಹೆಚ್ಚು ಬಿಟ್ಟರು. ಅಕ್ಕ ಕುರ್ಚಿಯಿಂದಲೇ "ಗೀಟು ಬಿಟ್ಟು ಹೋಗ್ತಿದೆ", "ಈಗ ಸರಿ" ಎನ್ನುತ್ತಿದ್ದಳು. ಅವರು "ಹೂಂ ಅಮ್ಮ, ಹೂಂ ಅಮ್ಮ" ಎನ್ನುತ್ತಲೇ ತಮ್ಮ ಗೀಟಿನಂತೆಯೇ ಗರಗಸ ಎಳೆದರು. ಕಡೆಯ ತುಂಡು ಬಿದ್ದಾಗ ಬಾಗಿಲಲ್ಲಿ ಫಿಸಿಯೋ ನಿಂತಿದ್ದಳು.

ಅವಳು ಮರದ ಪುಡಿ ದಾಟಿಕೊಂಡು ಒಳಗೆ ಬಂದಳು. ಮಂಚ ಎತ್ತಿ ನಿಲ್ಲಿಸಲು ಒಂದು ಕೈ ಕೊಟ್ಟಳು. ಅಕ್ಕನನ್ನು ಕೂರಿಸಿದೆವು. ಪಾದಗಳು ನೆಲ ಮುಟ್ಟಿದವು, ಹಿಮ್ಮಡಿ ಸಹಿತ.

"ಕೈ ಅಂಚಿನ ಮೇಲೆ. ಮುಂದೆ ಬಾಗಿ. ಏಳಿ, ಅಜ್ಜಿ."

ಮೊದಲ ಸಲ ಅರ್ಧ ಎದ್ದು ಕುಕ್ಕರಿಸಿದಳು. ನನ್ನ ಕೈ ಮುಂದೆ ಹೋಯಿತು. ಫಿಸಿಯೋ ಕಣ್ಣಿನಲ್ಲೇ ಬೇಡವೆಂದಳು. ಬಡಗಿ ಬಾಗಿಲ ಬಳಿ ಗರಗಸ ಹಿಡಿದುಕೊಂಡೇ ನಿಂತಿದ್ದರು, ಇನ್ನೂ ಕತ್ತರಿಸಬೇಕಾದೀತೇನೋ ಎಂಬಂತೆ.

ಎರಡನೆಯ ಸಲ ಅಕ್ಕ ಹಲ್ಲು ಕಚ್ಚಿದಳು. ಅಂಚನ್ನು ಒತ್ತಿದ ಬೆರಳುಗಳು ಬಿಳಿಚಿಕೊಂಡವು. ಎದ್ದಳು. ವಾಕರಿಗೆ ಒಂದು ಕೈ, ಆಮೇಲೆ ಇನ್ನೊಂದು ಕೈ.

"ಇನ್ನೆರಡು ಸಲ" ಎಂದಳು ಆ ಹುಡುಗಿ.

"ಸಾಯಿಸ್ತೀಯಲ್ಲೇ" ಎಂದಳು ಅಕ್ಕ. ಕೂತು ಎದ್ದಳು, ಮತ್ತೆ ಕೂತು ಎದ್ದಳು.

ಫಿಸಿಯೋ ಫೈಲಿನಲ್ಲಿ ಏನೋ ಬರೆದಳು. ಹಾಸಿಗೆ ಜಾರದಂತೆ ಕಟ್ಟಿಹಾಕಿ ಎಂದು ನನಗೆ ಹೇಳಿ, ಹೊರಗೆ ಹೋಗಿ ವೃದ್ಧಾಶ್ರಮಕ್ಕೆ ಫೋನ್ ಮಾಡಿದಳು. "ಆ ಜಾಗ ಬೇರೆಯವರಿಗೆ ಕೊಡಿ" ಎಂದದ್ದು ಒಳಗಿದ್ದ ನಮಗೂ ಕೇಳಿಸಿತು. ಅವಳು ನೋಡಲು ಹೋಗಬೇಕಾದ ಮನೆಗಳು ಇನ್ನೂ ಮೂರಿದ್ದವಂತೆ. ನೀರು ಕುಡಿದು ಹೊರಟಳು.

ಬಡಗಿ ಪೊರಕೆ ಕೇಳಿ ಪಡೆದು ಗುಡಿಸತೊಡಗಿದರು. ಬೇಡವೆಂದರೂ ಕೇಳಲಿಲ್ಲ. ಊಟದ ಹೊತ್ತು ಎಂದೋ ಮೀರಿತ್ತು. ನಾನು ಹಗ್ಗ ತಂದು, ಅಕ್ಕ ಕೂತಿದ್ದ ಮಂಚದ ಆಚೆ ಬದಿಗೆ ಬಗ್ಗಿ ಹಾಸಿಗೆ ಕಟ್ಟುತ್ತಿದ್ದೆ. ವಾಕರಿನ ಸದ್ದು ಕೇಳಿ ತಿರುಗಿದಾಗ ಅಕ್ಕ ಹಜಾರ ದಾಟುತ್ತಿದ್ದಳು. ಎಲ್ಲಿಗೆ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ.

ಅಡುಗೆಮನೆಯಲ್ಲಿ ಅವಳು ಒಂದು ಕೈಯಿಂದ ಕಟ್ಟೆ ಹಿಡಿದು ನಿಂತು, ಇನ್ನೊಂದರಿಂದ ತಟ್ಟೆಗೆ ಬಡಿಸಿದಳು. ಅನ್ನ, ಬೇಳೆ, ನಾಲ್ಕು ಹೋಳು ಸೌತೆಕಾಯಿ. ಬಹಳ ನಿಧಾನವಾಗಿ, ಒಂದು ಅಗುಳೂ ಚೆಲ್ಲದಂತೆ. ಹಜಾರಕ್ಕೂ ಅಡುಗೆಮನೆಗೂ ನಡುವೆ ಸೊಂಟದೆತ್ತರದ ಗೋಡೆಯಿದೆ. ಕಟ್ಟೆ ಹಿಡಿದುಕೊಂಡೇ ಅದರ ತನಕ ಬಂದು, ತಟ್ಟೆಯನ್ನು ಬಡಗಿಯ ಕಡೆಗೆ ಚಾಚಿದಳು. ಅವರು ಪೊರಕೆ ಕೆಳಗಿಟ್ಟು, ಎರಡೂ ಕೈಯಲ್ಲಿ ತೆಗೆದುಕೊಂಡರು.