ಅಮ್ಮನ ಹೆಬ್ಬೆಟ್ಟು

ನ್ಯೂಯಾರ್ಕಿನ ಹತ್ತಿರದ ಎಡಿಸನ್ ಊರಿನ ಲೈಬ್ರರಿ ಶನಿವಾರ ಮಧ್ಯಾಹ್ನ ತುಂಬಿಹೋಗಿತ್ತು. ಆಸ್ಟ್ರೇಲಿಯಾದ ದೊಡ್ಡ ಪ್ರಶಸ್ತಿ ಗೆದ್ದ ಕಾದಂಬರಿಗಾರ್ತಿ ಶರ್ಮಿಳಾ ಪುತ್ತೂರಿನವಳು ಎಂದು ತಿಳಿದ ಮೇಲೆ ಸುತ್ತಲಿನ ಕನ್ನಡದವರು ಬರದೆ ಇರುತ್ತಾರೆಯೇ? ಮುಂದಿನ ಸಾಲಿನಲ್ಲಿ ಅವಳ ಬೇಬಿ ಚಿಕ್ಕಮ್ಮ, ತಮ್ಮ ಮಗ ಸುಜಿತ್‌ನ ಪಕ್ಕ, ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿದ್ದರು.

"ನೀವು ಬರವಣಿಗೆಗೆ ಬಂದದ್ದು ಹೇಗೆ?" ಎಂದು ಯಾರೋ ಕೇಳಿದರು.

ಉತ್ತರ ಶರ್ಮಿಳಾಳ ನಾಲಗೆಯ ತುದಿಯಲ್ಲೇ ಇತ್ತು. "ನಮ್ಮಮ್ಮ ಹೆಬ್ಬೆಟ್ಟು. ಅವಳು ಓದಲಾರದ್ದನ್ನೆಲ್ಲ ನಾನು ಬರೀಬೇಕು ಅನ್ನಿಸಿತು."

ಚಪ್ಪಾಳೆ ಬಿತ್ತು. ಚಿಕ್ಕಮ್ಮನ ಕೈ ಮಾತ್ರ ಮಡಿಲಿನಲ್ಲೇ ಇತ್ತು.

ಸಮರ್‌ಸೆಟ್‌ನಲ್ಲಿದ್ದ ತನ್ನ ಮನೆಗೆ ಸುಜಿತ್ ಡ್ರೈವ್ ಮಾಡುತ್ತಿದ್ದಾಗ, ಹಿಂದಿನ ಸೀಟಿನಲ್ಲಿ ಶರ್ಮಿಳಾಳ ಪಕ್ಕ ಕೂತಿದ್ದ ಚಿಕ್ಕಮ್ಮ ಮೆಲ್ಲಗೆ ಕೇಳಿದರು: "ಅಕ್ಕ ಯಾವಾಗ ಹೆಬ್ಬೆಟ್ಟು ಒತ್ತಿದ್ದು ಮಾರಾಯ್ತಿ?"

ಶರ್ಮಿಳಾಳ ಕಿವಿ ಬಿಸಿಯಾಯಿತು. ಅಮ್ಮ ಏಳನೇ ಕ್ಲಾಸು ಓದಿದವಳು. ಅಕ್ಕಿ ಆರಿಸುತ್ತ ವಾರಪತ್ರಿಕೆಯ ಧಾರಾವಾಹಿಗಳನ್ನು ಮಗಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಯಾವುದಾದರೂ ವಾರದ ಸಂಚಿಕೆ ಸಿಗದಿದ್ದರೆ ಮುಂದಿನ ಕಥೆಯನ್ನು ತಾನೇ ಕಟ್ಟುತ್ತಿದ್ದಳು. ಶರ್ಮಿಳಾ ಕಥೆ ಕಟ್ಟಲು ಕಲಿತದ್ದು ಆ ಮೊರದ ಪಕ್ಕದಲ್ಲಿಯೇ.

ಮೆಲ್ಬರ್ನ್‌ನಲ್ಲಿ ಮೊದಲ ಕಾದಂಬರಿ ಬಂದಾಗ ಪತ್ರಕರ್ತೆಯೊಬ್ಬಳಿಗೆ, ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದಿದ್ದಳು. ಪತ್ರಿಕೆಯಲ್ಲಿ 'ಅನಕ್ಷರಸ್ಥ ತಾಯಿಯ ಮಗಳು' ಎಂದು ಅಚ್ಚಾಯಿತು. ತಿದ್ದಿಸಬಹುದಿತ್ತು, ತಿದ್ದಿಸಲಿಲ್ಲ. ಪುಸ್ತಕ ಚೆನ್ನಾಗಿ ಓಡಿತು. ಆಮೇಲೆ ಬಂದ ಕಾದಂಬರಿಗಳ ಹಿಂಬದಿಯಲ್ಲೆಲ್ಲ ಅದೇ ಸಾಲು. ಹೆಬ್ಬೆಟ್ಟಿನ ಮಾತು ಸೇರಿಸಿದ್ದಂತೂ ಅವಳೇ.

"ಅಮ್ಮನಿಗೆ ಗೊತ್ತಾಗಿಲ್ಲ ಅಂದ್ಕೊಂಡಿದ್ದೆ, ಚಿಕ್ಕಮ್ಮ."

"ಗೊತ್ತಾಗದೆ ಎಂಥ? ಕನ್ನಡ ಪೇಪರಿನವರೂ ಹಾಕಿದ್ರಲ್ಲ. ಕನ್ನಡಕ ಹಾಕಿ ಪೂರ್ತಿ ಓದಿದಳು. 'ಪಾಪ, ಮಗುವಿಗೆ ಅಲ್ಲಿ ಹಾಗೆ ಹೇಳ್ಬೇಕಾಯ್ತೋ ಏನೋ' ಅಂದಳು. ಆಮೇಲೆ ಯಾರಾದ್ರೂ ಮನೆಗೆ ಬಂದ್ರೆ ಪುಸ್ತಕ ಎಲ್ಲ ಒಳಗೆ ಇಡ್ತಿದ್ದಳು. ನಿನ್ನ ಮಾತು ಸುಳ್ಳಾಗ್ಬಾರ್ದಲ್ಲ."

ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಶರ್ಮಿಳಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಸುಜಿತ್ ಏನೂ ಕೇಳಿಸದವನಂತೆ ರೇಡಿಯೋದ ಸದ್ದು ಸ್ವಲ್ಪ ಹೆಚ್ಚಿಸಿದ.

ಮರುದಿನ ನ್ಯೂಯಾರ್ಕಿನ ಪುಸ್ತಕದಂಗಡಿಯೊಂದರಲ್ಲಿ ಕಾರ್ಯಕ್ರಮ. ನಡೆಸಿಕೊಡುತ್ತಿದ್ದ ಪ್ರೀತಮ್ ಎಂಬವನು ಅದೇ ಸಾಲಿನಿಂದ ಅವಳ ಪರಿಚಯ ಶುರು ಮಾಡಿದ. ಶರ್ಮಿಳಾ ಮೈಕನ್ನು ತನ್ನ ಕಡೆ ಎಳೆದುಕೊಂಡಳು.

"ಅದು ಸುಳ್ಳು. ನಮ್ಮಮ್ಮ ಓದುತ್ತಿದ್ದಳು. ನನಗೆ ಕಥೆ ಹೇಳಲು ಕಲಿಸಿದವಳೇ ಅವಳು. ಪುಸ್ತಕ ಮಾರಾಟವಾಗಲಿ ಅಂತ ನಾನು ಅವಳಿಂದ ಓದು ಕಿತ್ತುಕೊಂಡೆ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಾದರೂ ಬಯ್ಯಲಿ ಎಂದು ಅವಳು ಕಾದಳು. ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದುನಿಂತು ಚಪ್ಪಾಳೆ ತಟ್ಟಿದರು. ನೋಡನೋಡುತ್ತ ಇಡೀ ಅಂಗಡಿಯೇ ಎದ್ದಿತು.

"ಎಂಥ ಧೈರ್ಯ!" ಎಂದ ಪ್ರೀತಮ್.

ಅವಳಿಗೆ ತಲೆಯೆತ್ತಲಾಗಲಿಲ್ಲ. "ದಯವಿಟ್ಟು ಕೂತ್ಕೊಳ್ಳಿ," ಎಂದಳು.

ಯಾರೂ ಕೂರಲಿಲ್ಲ.